ಅಪ್ಪ ನೀರು ಹಾಕದ ನಾಲ್ಕು ಕಲ್ಲು

ಕೆಂಪುಕಲ್ಲು ಕಡಿಯುವಾಗ ಬರುವ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಹಸಿಮಣ್ಣನ್ನೂ ತುಕ್ಕು ಹಿಡಿದ ಕಬ್ಬಿಣವನ್ನೂ ಒಟ್ಟಿಗೆ ಮೂಸಿದ ಹಾಗೆ. ನನ್ನ ಬಾಲ್ಯದಲ್ಲಿ ಅಪ್ಪ ಎಂದರೆ ಆ ವಾಸನೆಯೇ. ಕಳೆದ ವಾರ ನಮ್ಮ ಮನೆ ಬಾಗಿಲ ಪಕ್ಕದ ಹೊರಗೋಡೆಯಿಂದ ಮೊರದಗಲದ ಸಿಮೆಂಟು ಸಾರಣೆ ಧೊಪ್ಪನೆ ಕಳಚಿ ಬಿತ್ತು. ಎದ್ದ ಧೂಳಿನಲ್ಲಿ ಅದೇ ವಾಸನೆಯ ಒಂದು ಎಳೆ ಇತ್ತು. ಹದಿನೆಂಟು ವರ್ಷ ಮುಚ್ಚಿಹೋಗಿದ್ದ ನಾಲ್ಕು ಕಲ್ಲು ನನ್ನನ್ನೇ ನೋಡುತ್ತಿದ್ದವು.

ಅಪ್ಪ ಪಣೆಯಲ್ಲಿ ಕಲ್ಲು ಕಡಿಯುತ್ತಿದ್ದವರು. ಗುಡ್ಡದ ನೆತ್ತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ ಕೆಂಪುಕಲ್ಲಿನ ಕೋರೆಗೆ ನಮ್ಮಲ್ಲಿ ಪಣೆ ಎನ್ನುತ್ತಾರೆ. ಈಗ ಅಲ್ಲಿ ಮೆಷಿನು ಕಿರುಚುತ್ತದೆ; ಆಗ ಉದ್ದ ಹಿಡಿಯ ಕೊಡಲಿ. ಅಪ್ಪ ಎಡಗೈಯವರು. ಉಳಿದವರ ಕಲ್ಲಿನ ಮೇಲೆ ಕೊಡಲಿಯ ಗೀರು ಒಂದು ಕಡೆಗೆ ವಾಲಿದರೆ ಅಪ್ಪನ ಕಲ್ಲಿನಲ್ಲಿ ಇನ್ನೊಂದು ಕಡೆಗೆ ವಾಲುತ್ತಿತ್ತು.

ನನ್ನನ್ನು ಕಾಲೇಜಿಗೆ ಸೇರಿಸಲು ಮರ್ಕಂಜದಿಂದ ಪುತ್ತೂರಿಗೆ ಕರೆದೊಯ್ದ ದಿನ ಬಸ್ಸಿನಲ್ಲಿ ಅವರಿಗೆ ದಾರಿಬದಿಯ ಗೋಡೆಗಳ ಹೊರತು ಬೇರೆ ಲೋಕವೇ ಇರಲಿಲ್ಲ. “ಅದು ನಮ್ಮ ಪಣೆಯದ್ದು. ಇದು ಕಡಬದ ಕಡೆದು, ಬಣ್ಣ ನೋಡು. ಅಯ್ಯೋ, ಅಲ್ಲಿ ಜೇಡಿ ಉಂಟು, ಹತ್ತು ಮಳೆ ತಡೆಯುದಿಲ್ಲ.” ನೆಟ್ಟಣ ದಾಟಿ ಘಟ್ಟದ ಬುಡಕ್ಕೆ ಹೋದರೆ ಪಂಚಾಂಗಕ್ಕೆ, ಎಂದರೆ ಮನೆಯ ಅಡಿಪಾಯಕ್ಕೆ, ಒಳ್ಳೆಯ ಕಪ್ಪುಕಲ್ಲು ಸಿಗುತ್ತದೆ ಎಂಬುದನ್ನು ಪಕ್ಕದ ಸೀಟಿನವರಿಗೂ ಹೇಳಿ ಆಯಿತು.

ಕಂಡಕ್ಟರು ಕೇಳಿದ, “ಎಂತ ಮಾರಾಯ್ರೆ, ನೀವು ಪುತ್ತೂರಿಗೆ ಹೋಗುದಾ, ಗೋಡೆ ನೋಡ್ಲಿಕ್ಕೆ ಬಂದದ್ದಾ?”

“ಟಿಕೆಟು ಪುತ್ತೂರಿಗೆ. ಗೋಡೆ ಫ್ರೀ ಅಲ್ವಾ?”

ಬಸ್ಸು ನಕ್ಕಿತು. ನಾನು ಮಾತ್ರ ಕಿಟಕಿಯ ಹೊರಗೆ ಮುಖ ತಿರುಗಿಸಿ ಕೂತೆ. ಕಾಲೇಜಿಗೆ ಸೇರುವ ಮೊದಲೇ ನನಗೆ ನಾಚಿಕೆ ಬಂದಿತ್ತು, ವಿದ್ಯೆ ಆಮೇಲೆ ಬಂತು.

ನಮ್ಮ ಕುಟುಂಬದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಈಗಲೂ ಸಂದರ್ಭ ಮಾಡಿಕೊಂಡು ಹೇಳುತ್ತೇನೆ, ಕ್ಷಮಿಸಿ. ಒಮ್ಮೆ ರಜೆಯಲ್ಲಿ ಬಂದು, “ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರು ಅಪ್ಪ” ಎಂದೆ, ದೊಡ್ಡ ಗುಟ್ಟು ಬಿಚ್ಚಿಟ್ಟವಳ ಹಾಗೆ.

“ಹೌದಾ? ಗುಡ್ಡೆಯಲ್ಲಿ ಯಾವ ಮುಖ ಮೇಲೆ ಇತ್ತೋ ಗೋಡೆಯಲ್ಲಿಯೂ ಅದೇ ಮೇಲೆ ಬರ್ಬೇಕು. ಅದು ಪುಸ್ತಕದಲ್ಲಿ ಉಂಟಾ?”

ಇರಲಿಲ್ಲ.

ಉಪ್ಪಿನಂಗಡಿಯ ಹತ್ತಿರ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ನಾನು ಮಾಡಿದ ಘನಕಾರ್ಯ ಮನೆಗೆ ಸಾರಣೆ ಮಾಡಿಸಿದ್ದು. ಬರಿಗಲ್ಲಿನ ಗೋಡೆ ಎಂದರೆ ಆಗ ಸಿಮೆಂಟಿಗೆ ಗತಿಯಿಲ್ಲದವರ ಗೋಡೆ. ಜೊತೆಯ ಟೀಚರುಗಳು ಊಟಕ್ಕೆ ಬರುವವರಿದ್ದರು. ಕೂಲಿ ಮುಗಿದ ಮೇಲೆ ದಿನಕ್ಕೆ ಎರಡೆರಡಾಗಿ ಅಪ್ಪ ಕಡಿದು ಕೂಡಿಟ್ಟ ಕಲ್ಲುಗಳಿಂದ ಕಟ್ಟಿದ ಮನೆ ಅದು. “ಸಾರಣೆ ಮಾಡಿಸುವ, ಅಪ್ಪ” ಎಂದಾಗ ಅವರು “ಆಯ್ತು” ಎಂದರು, ಅಷ್ಟೇ. ಮೇಸ್ತ್ರಿ ಬರುವ ಮೊದಲು ತಾವೇ ಚೆಂಬು ಹಿಡಿದು ಗೋಡೆಗೆ ನೀರು ಹೊಡೆದರು. “ಈ ಕಲ್ಲಿಗೆ ಬಾಯಾರಿಕೆ ಜಾಸ್ತಿ. ಮೊದಲೇ ಕುಡಿಸ್ಬೇಕು. ಇಲ್ಲದಿದ್ರೆ ಸಿಮೆಂಟಿನ ನೀರೆಲ್ಲ ಅದೇ ಎಳೀತದೆ, ಸಾರಣೆ ಹಿಡಿಯುದಿಲ್ಲ.” ಗೀರುಗಳೆಲ್ಲ ಮುಚ್ಚಿಹೋದ ಸಂಜೆ ಅಪ್ಪ ಅಂಗಳದಲ್ಲಿ ಸುಮ್ಮನೆ ನಿಂತಿದ್ದರು. ಬೇಸರವಾಯಿತಾ ಎಂದು ನಾನು ಕೇಳಲಿಲ್ಲ. ಆಮೇಲೆ ಕೇಳುವುದು ಇನ್ನೂ ಕಷ್ಟವಾಯಿತು. ಈಚೆಗೆ ಪೇಟೆಯವರು ಬರಿಗಲ್ಲಿಗೆ ಪಾಲಿಶ್ ಕೊಟ್ಟು ಮನೆ ಕಟ್ಟಿ ಕರೆದಾಗ “ಎಷ್ಟು ಚಂದ” ಎಂದು ಹೊಗಳಿ, ಊಟ ಮಾಡಿ, ಮನೆಗೆ ಬಂದು ನನ್ನ ಬಿಳಿ ಗೋಡೆಯ ಮುಂದೆ ಚಪ್ಪಲಿ ಬಿಟ್ಟಾಗಲೆಲ್ಲ ಆ ಪ್ರಶ್ನೆ ಚುಚ್ಚುತ್ತಿತ್ತು.

ಮೊನ್ನೆ ತೇಪೆ ಹಾಕಲು ಬಂದ ಹೊಸ ಮೇಸ್ತ್ರಿ ಗೋಡೆಯನ್ನೆಲ್ಲ ಬೆರಳಿನಿಂದ ಬಡಿದು ನೋಡಿದ. “ಅಕ್ಕಾ, ಬೇರೆ ಕಡೆ ಗಟ್ಟಿ ಉಂಟು. ಈ ನಾಲ್ಕು ಕಲ್ಲಿಗೆ ಮಾತ್ರ ಆಗ ನೀರೇ ಹಾಕಿಲ್ಲ. ಯಾವನೋ ಕೆಲಸಗಳ್ಳ.”

“ಯಾವನೋ ಅಲ್ಲ ಮಾರಾಯ,” ಜಗಲಿಯ ಕುರ್ಚಿಯಿಂದ ಅಪ್ಪನ ಸ್ವರ ಬಂತು, “ನಾನೇ.”

ನಾನು ತಿರುಗಿ ನೋಡಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು, ಎಡಗೈಯಲ್ಲಿ.

“ಬೇಕೂಂತಲೇ ಬಿಟ್ಟದ್ದು. ಎರಡು ಮಳೆಗಾಲದಲ್ಲಿ ಬೀಳ್ತದೆ ಅಂತ ಎಣಿಸಿದ್ದೆ. ಆ ಮೇಸ್ತ್ರಿ ಎಂತ ಮೆತ್ತಿದ್ನೋ, ಬೀಳುವಾಗ ನನಗೇ ಎಂಬತ್ತಾಯ್ತು.”

“ಬೇಡ ಅಂತ ಆಗ್ಲೇ ಹೇಳ್ಬಹುದಿತ್ತಲ್ಲ ಅಪ್ಪ?”

“ನಿನ್ನ ಮೊದಲ ಸಂಬಳ ಮಗಾ. ಬೇಡ ಹೇಳುದು ಹೇಗೆ?”

ಮೇಸ್ತ್ರಿಗೆ ಇದೆಲ್ಲ ಬೇಕಿರಲಿಲ್ಲ. “ಅಕ್ಕಾ, ನೀರು ಕೊಡಿ, ಈ ಸಲ ಚೆನ್ನಾಗಿ ಕುಡಿಸುವ” ಎಂದ. ನಾನು ಬಕೆಟು ತಂದೆ. ನಾಲ್ಕು ಕಲ್ಲಿನ ಮೇಲೂ ಗೀರುಗಳು ನಿನ್ನೆ ಕಡಿದ ಹಾಗೆ ತಪ್ಪು ದಿಕ್ಕಿಗೆ ವಾಲಿ ನಿಂತಿದ್ದವು. ಬಕೆಟಿನ ನೀರನ್ನು ಅಂಗಳದ ದಾಸವಾಳದ ಬುಡಕ್ಕೆ ಹೊಯ್ದು, “ತೇಪೆ ಬೇಡ, ಹಾಗೇ ಇರಲಿ” ಎಂದೆ.

ಅಪ್ಪ ಎಲೆ ಬಾಯಿಗಿಟ್ಟು ಅಗಿಯುತ್ತಾ ಮೇಸ್ತ್ರಿಯನ್ನು ಕರೆದರು.

“ಸುತ್ತ ಸಾರಣೆಯ ಅಂಚಾದ್ರೂ ನೇರ ಮಾಡು ಮಾರಾಯ. ಮಗಳು ಡಿಗ್ರಿ ಓದಿದವಳು, ಗೋಡೆ ಹರಕುಮುರುಕು ಕಾಣ್ಬಾರ್ದು.”