ಬಾಟಲಿಗೆ ಹೋಗದ ಇಕ್ತಿಯೋಫಿಸ್

೧೯೭೬ರಲ್ಲಿ ನಾನು ಸೊರಬದ ಜೂನಿಯರ್ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಉಪನ್ಯಾಸಕನಾಗಿದ್ದೆ. ಸರ್ವಿಸ್‌ಗೆ ಸೇರಿ ಆರು ವರ್ಷವಾಗಿತ್ತು, ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆ ಕೋಪ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಒಂದೇ ಸಲ ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

ಜುಲೈನ ಒಂದು ಸೋಮವಾರ ಕಾಲೇಜಿನ ಹಿಂದೆ ಗೊಬ್ಬರದ ಗುಂಡಿ ತೋಡುತ್ತಿದ್ದವರು "ಇರ್ತಲೆ ಹಾವು!" ಎಂದು ಕೂಗಿ ದೊಣ್ಣೆ ಎತ್ತಿದರು. ನಾನು ಓಡಿ ಹೋಗುವಷ್ಟರಲ್ಲಿ ನಮ್ಮ ಲ್ಯಾಬ್ ಅಟೆಂಡರ್ ಖಾದರ್ ಸಾಬರು ಅದರ ಮೇಲೆ ಬುಟ್ಟಿ ಮಗುಚಿ ಹಾಕಿ, ಬುಟ್ಟಿಯ ಮೇಲೆ ಕೈಯಿಟ್ಟು ಕೂತಿದ್ದರು. ಅವರು ಶಿಕಾರಿಪುರದ ಕಲಾಯಿ ಕೆಲಸದವರ ಮನೆತನದವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು.

"ಹೊಡಿಬ್ಯಾಡ್ರಿ, ಮೊದ್ಲು ಸಾರ್ ನೋಡ್ಲಿ" ಎನ್ನುತ್ತಿದ್ದರು.

ಬುಟ್ಟಿ ಎತ್ತಿದೆ, ಮೈ ಜುಂ ಎಂದಿತು. ಒಂದೂವರೆ ಗೇಣು ಉದ್ದ, ಕಂದು ಮೈ, ಎರಡೂ ಪಕ್ಕೆಗೆ ಹಳದಿ ಪಟ್ಟೆ, ಮೈತುಂಬ ಉಂಗುರದಂಥ ಗೆರೆಗಳು. ಅದು ಹಾವಲ್ಲ, ಇಕ್ತಿಯೋಫಿಸ್. ಕಪ್ಪೆಯ ದಾಯಾದಿ, ಆದರೆ ಕಾಲಿಲ್ಲ. ಒದ್ದೆ ಮಣ್ಣಿನೊಳಗೆ ಬದುಕುತ್ತದೆ, ಚರ್ಮದಿಂದಲೂ ಉಸಿರಾಡುತ್ತದೆ. ಅಲ್ಲಿಯವರೆಗೆ ನಾನು ಅದನ್ನು ಕಂಡದ್ದು ಫಾರ್ಮಲಿನ್‌ನಲ್ಲಿ, ಅಂದರೆ ಸತ್ತ ಪ್ರಾಣಿ ಕೊಳೆಯದಂತೆ ಕಾಪಾಡುವ ದ್ರಾವಣದಲ್ಲಿ ಮಾತ್ರ.

ಪ್ರಿನ್ಸಿಪಾಲರಿಗೂ ಖುಷಿಯಾಯಿತು, ಆದರೆ ಬೇರೆ ಕಾರಣಕ್ಕೆ. ಮುಂದಿನ ಸೋಮವಾರ ಇನ್‌ಸ್ಪೆಕ್ಷನ್ ಇತ್ತು, ಮ್ಯೂಸಿಯಂ ಕಪಾಟಿನಲ್ಲಿ ಬಾಟಲಿಗಳು ಕಡಿಮೆ ಇದ್ದವು. ಮಕ್ಕಳು ಜೀವಂತ ಪ್ರಾಣಿಯನ್ನೇ ನೋಡಲಿ, ನಾನು ಸಾಕುತ್ತೇನೆ ಎಂದೆ.

"ಉಪವಾಸ ಬಿದ್ದು ಕೊಳೆತ್ರೆ ಅದೂ ಇಲ್ಲ, ಇದೂ ಇಲ್ಲ. ಶನಿವಾರದೊಳಗೆ ತಿಂದ್ರೆ ಸಾಕ್ಕೊಳ್ಳಿ. ಇಲ್ದಿದ್ರೆ ಬಾಟ್ಲಿಗೆ ಹಾಕ್ರಿ" ಎಂದರು. ಮಾತು ನ್ಯಾಯವಾಗಿಯೇ ಇತ್ತು, ಒಪ್ಪಿಕೊಂಡೆ.

ಲ್ಯಾಬಿನ ತೊಟ್ಟಿಯೊಂದಕ್ಕೆ ಮಣ್ಣು ತುಂಬಿ ಅದನ್ನು ಬಿಟ್ಟೆ. ಅದು ತಿನ್ನಲಿಲ್ಲ. ಎರೆಹುಳು ಹೆಚ್ಚಿ ಇಟ್ಟೆ, ಗೆದ್ದಲು ಉದುರಿಸಿದೆ, ಬೆಂದ ಮೊಟ್ಟೆಯನ್ನೂ ಇಟ್ಟ ಪೆದ್ದ ನಾನು. ಮಣ್ಣು ಒಣಗಬಾರದೆಂದು ದಿನಕ್ಕೆ ಮೂರು ಸಲ ಬಾವಿ ನೀರು ಚಿಮುಕಿಸಿದೆ. ಬುಧವಾರದ ಹೊತ್ತಿಗೆ ಅದು ಮಣ್ಣಿನೊಳಗೆ ಇಳಿಯುವುದನ್ನೇ ಬಿಟ್ಟು, ತೊಟ್ಟಿಯ ಗೋಡೆಗೆ ತಲೆ ಆನಿಸಿ ಬಿದ್ದುಕೊಂಡಿತ್ತು. ಮೈಯ ಹೊಳಪು ಹೋಗಿತ್ತು. ನನಗೆ ಅಳು ಬರುವಂತಾಯಿತು.

ಗುರುವಾರ ಮತ್ತೆ ನೀರು ಹಾಕಲು ಮಗ್ ಎತ್ತಿದಾಗ ಖಾದರ್ ಸಾಬರು ನನ್ನ ಕೈ ಹಿಡಿದರು.

"ಸಾರ್, ಹೋದ ವಾರ ಬಾವಿಗೆ ಬ್ಲೀಚಿಂಗ್ ಪೌಡರ್ ಸುರಿದು ಹೋದ್ರಲ್ಲ, ಅವತ್ತಿಂದ ಗ್ಲಾಸು ತೊಳ್ದು ತೊಳ್ದು ನನ್ನ ಕೈ ನೋಡ್ರಿ, ಹೆಂಗೆ ಉರೀತದೆ. ನನ್ನ ತೊಗಲಿಗೇ ಹಿಂಗಾದ್ರೆ, ಅದು ತೊಗಲಿಂದ್ಲೇ ಉಸಿರಾಡ್ತದೆ ಅಂತ ನೀವೇ ಕ್ಲಾಸಲ್ಲಿ ಹೇಳ್ತೀರಲ್ಲ?"

ಕಪಾಳಕ್ಕೆ ಹೊಡೆದಂತಾಯಿತು. ಆರು ವರ್ಷ ಬೋರ್ಡಿನ ಮೇಲೆ ಬರೆದಿದ್ದೆ, ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೆ. ನನ್ನದು ಬರೀ ಪುಸ್ತಕದ ಬದನೆಕಾಯಿ! ನಾನು ಆರೈಕೆ ಮಾಡಿದಷ್ಟೂ ಅದಕ್ಕೆ ವಿಷ ಉಣಿಸಿದ್ದೆ.

ಅವರು ಆಗಲೇ ಸೈಕಲ್ ಹತ್ತಿ ಕುಪ್ಪಗಡ್ಡೆ ಕಡೆಯ ಗದ್ದೆಯೊಂದರಿಂದ ಹಸಿ ಮಣ್ಣು, ಕಾಲುವೆ ನೀರು ತಂದರು. "ಡಬ್ಬಕ್ಕೆ ಸೋಪು ಸೋಕಿಸಿಲ್ಲ ಸಾರ್" ಎಂದರು. ತೊಟ್ಟಿ ತೊಳೆದು ಎಲ್ಲವನ್ನೂ ಬದಲಾಯಿಸಿದೆವು. ಅರ್ಧ ಗಂಟೆಯಲ್ಲಿ ಅದು ಮಣ್ಣಿಗೆ ಮೂತಿ ಒತ್ತಿ ಒಳಗೆ ಇಳಿಯಿತು.

ಶುಕ್ರವಾರ ಸಂಜೆ ಇಡೀ ಎರೆಹುಳುವನ್ನು ಜೀವಂತವಾಗಿಯೇ ಬಿಟ್ಟೆವು. ಮಣ್ಣು ಅಲುಗಿತು. ತಲೆ ಹೊರಗೆ ಬಂತು, ಗಬಕ್ಕನೆ ಕಚ್ಚಿತು, ಮೈಯನ್ನೇ ಗಿರಗಿರ ತಿರುಗಿಸಿ ನುಂಗಿತು. ಖಾದರ್ ಸಾಬರು "ಯಾ ಅಲ್ಲಾ" ಎಂದು ನಕ್ಕರು. ನಾನು ಮಕ್ಕಳಂತೆ ಚಪ್ಪಾಳೆ ತಟ್ಟಿದೆ.

ಶನಿವಾರ ಪ್ರಿನ್ಸಿಪಾಲರಿಗೆ ಹೇಳಿದೆ. ಅವರು ಮುಖವೆತ್ತಲಿಲ್ಲ. "ತಿಂದ್ರೆ ತಿನ್ಲಿ ಬಿಡ್ರಿ. ಇನ್‌ಸ್ಪೆಕ್ಷನ್ನಿಗೆ ಬಾಟ್ಲಿ ಬೇಕು. ಇವತ್ತೇ ಹಾಕ್ಬಿಡಿ."

"ಮಾತು ಕೊಟ್ಟಿದ್ರಿ ಸರ್."

"ಕೊಟ್ಟಿದ್ದೆ. ಈಗ ಆರ್ಡರ್ ಕೊಡ್ತಿದೀನಿ."

"ಹಾಗಾದರೆ ನಾನು ಹಾಕೋದಿಲ್ಲ" ಎಂದು ಕೂಗಾಡಿದೆ. ಅವರು ಅಟೆಂಡರನ್ನು ಕರೆಸಿದರು. ಖಾದರ್ ಸಾಬರ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ, ಮನೆಯಲ್ಲಿ ಐದು ಜನ. ಅವರು ಕೈಕಟ್ಟಿ ನಿಂತು, ಮೆಲ್ಲಗೆ, "ನನ್ನ ಕೈಯಲ್ಲಿ ಉಂಡಿದ್ದನ್ನ ನನ್ನ ಕೈಯಿಂದ ಕೊಲ್ಲಾಕಾಗಲ್ಲ ಸಾರ್" ಎಂದರು. ನನ್ನ ಕೂಗಾಟಕ್ಕೆ ಬಗ್ಗದ ಪ್ರಿನ್ಸಿಪಾಲರು ಇದನ್ನು ಕೇಳಿ ಇಬ್ಬರನ್ನೂ ಹೊರಗೆ ಕಳಿಸಿದರು.

ಮಧ್ಯಾಹ್ನ ನನಗೆ ಮೆಮೊ ಬಂತು: ಸ್ಪೆಸಿಮನ್ ಏಕೆ ತಯಾರಾಗಿಲ್ಲ, ಲಿಖಿತ ಉತ್ತರ ಕೊಡಿ. ಕೊಟ್ಟೆ. ಅಟೆಂಡರ್ ನಿರಾಕರಿಸಿದ್ದು ನನ್ನ ಮಾತಿನ ಮೇರೆಗೆ, ಜವಾಬ್ದಾರಿ ನನ್ನೊಬ್ಬನದು ಎಂದೂ ಸೇರಿಸಿದೆ. ಅದು ಸುಳ್ಳು. ನನ್ನ ಸರ್ವಿಸ್‌ನಲ್ಲಿ ಸಹಿ ಹಾಕಿ ಹೇಳಿದ ಸುಳ್ಳು ಅದೊಂದೇ, ಅದಕ್ಕೆ ಪಶ್ಚಾತ್ತಾಪವಿಲ್ಲ.

ಸೋಮವಾರದ ಇನ್‌ಸ್ಪೆಕ್ಷನ್ ವರದಿಯಲ್ಲಿ ಮ್ಯೂಸಿಯಂ ಕೊರತೆ ದಾಖಲಾಯಿತು. ಮಕ್ಕಳಿಗೆಲ್ಲ ತೋರಿಸಿದ ಮೇಲೆ, ಅದೇ ವಾರ ಇಬ್ಬರೂ ಗದ್ದೆಗೆ ಹೋಗಿ ಅದನ್ನು ಬಿಟ್ಟು ಬಂದೆವು. ಮುಂದಿನ ಜೂನ್‌ನಲ್ಲಿ ನನಗೆ ದೂರದೂರಿಗೆ ವರ್ಗವಾಯಿತು. ಆಗಲಿ! ಖಾದರ್ ಸಾಬರ ನೌಕರಿ ಉಳಿಯಿತು.

ಗೊತ್ತಿರುವುದು ಬೇರೆ, ಗೊತ್ತಿರುವುದಕ್ಕೆ ತಕ್ಕಂತೆ ನಡೆಯುವುದು ಬೇರೆ ಎಂದು ಕೆಲಸ ನನಗೆ ಕಲಿಸಿತು. ಆ ಪಾಠ ನನಗೆ ಹೇಳಿಕೊಟ್ಟವರು ಗ್ಲಾಸು ತೊಳೆಯುವ ಕೆಲಸದಲ್ಲಿದ್ದರು. ನಾನು ಮೆಮೊಗೆ ಕೊಟ್ಟ ಉತ್ತರದ ಮೊದಲ ಸಾಲು ಇಂದಿಗೂ ಬಾಯಿಪಾಠವಿದೆ: "ಸ್ಪೆಸಿಮನ್ ಆರೋಗ್ಯವಾಗಿದ್ದು, ಚೆನ್ನಾಗಿ ಊಟ ಮಾಡುತ್ತಿರುವುದರಿಂದ ಅದನ್ನು ಬಾಟಲಿಗೆ ಹಾಕಿರುವುದಿಲ್ಲ, ಹಾಕುವುದೂ ಇಲ್ಲ."