ಪಿತೃಪಕ್ಷದಲ್ಲಿ ಬಂದ ಪಾರ್ಸಲ್

ಸರಕಿನ ಲೆಕ್ಕದಲ್ಲಿ ನೋಡಿದರೆ ರಾಘಣ್ಣ ಅಂಚು ಸವೆದರೂ ಬಣ್ಣ ಬಿಡದ ಮಾಲು. ವಯಸ್ಸು ಐವತ್ತಾರು. ಅಂಗಿಗೆ ಇಸ್ತ್ರಿ ಇದೆ, ಚಪ್ಪಲಿಗೆ ಹೊಲಿಗೆ ಬಿದ್ದಿದೆ. ಪುಣೆಯ ನಮ್ಮ ಕಿರಾಣಿ ಅಂಗಡಿಗೆ ಬಂದು ಅರ್ಧ ಕಿಲೋ ಜೋಳದ ಹಿಟ್ಟು ಕೊಂಡು, ತಾಸುಗಟ್ಟಲೆ ಮಾತಾಡಿ ಹೋಗುವ ಗಿರಾಕಿ. ಇಂಥವರಿಂದ ಅಂಗಡಿ ಬೆಳೆಯುವುದಿಲ್ಲ.

ತಳೇಗಾಂವದ ಕಾರ್ಖಾನೆಯೊಂದರಲ್ಲಿ ಅವರು ಕಾರಕೂನರು. ಪುಣೆಗೆ ಬಂದು ಅಂಗಡಿ ಹಾಕಿದ ಕನ್ನಡಿಗರ ಮೇಲೆ ಪಿಎಚ್‌ಡಿ ಪ್ರಬಂಧ ಬರೆಯುತ್ತಿದ್ದರು. ಹಳೆಯ ಪತ್ರಿಕೆಗಳ ಸ್ಕ್ಯಾನ್ ಪುಟಗಳನ್ನು ಲೋಕಲ್ ರೈಲಿನಲ್ಲಿ ಮೊಬೈಲ್ ಮೇಲೆ ಓದುವುದು. ಸಕ್ಕರೆ ಕಾಯಿಲೆ ಆಗಲೇ ಕಣ್ಣಿಗೆ ಇಳಿದಿತ್ತು. ಓದುವುದಿದ್ದರೆ ಬೇಗ ಓದಿ ಮುಗಿಸಿ ಎಂದಿದ್ದರು ಡಾಕ್ಟರು. ಉಳಿದದ್ದು ಎರಡೇ ಅಧ್ಯಾಯ. ಅವನ್ನು ತಮ್ಮ ಕಣ್ಣಿಂದಲೇ ಓದಿ ಬರೆಯಬೇಕೆಂಬುದೊಂದೇ ರಾಘಣ್ಣನ ಹಟ.

ಇಡೀ ಪತ್ರಿಕೆಯ ಪುಟ ಹಿಡಿಯುವ, ಕಣ್ಣು ಕುಕ್ಕದ ದೊಡ್ಡ ಇ-ರೀಡರ್ ಇಲ್ಲಿ ಸಿಗಲಿಲ್ಲ. ಹಾಂಗ್‌ಕಾಂಗ್‌ನಿಂದ ತರಿಸಿದರು.

“ಅಷ್ಟು ರೊಕ್ಕಕ್ಕ ಹಾಡೂದಿಲ್ಲ, ಕುಣಿಯೂದಿಲ್ಲ, ಬಣ್ಣಾನೂ ಇಲ್ಲ. ಯಾರರೆ ಟೋಪಿ ಹಾಕ್ಯಾರ ನೋಡ್ರಿ ರಾಘಣ್ಣಾವ್ರ,” ಎಂದು ಗಲ್ಲೆಯ ಪೆಟ್ಟಿಗೆ ಹಿಂದಿನಿಂದ ನಾನೇ ಚುಚ್ಚಿದೆ.

“ಮಾತಾಡದ ಸಾಮಾನು ನಿಮಗ ಹ್ಯಾಂಗ ಸೇರತದರೀ,” ಎಂದು ನಕ್ಕರು.

ಕಸ್ಟಮ್ಸ್‌ನಲ್ಲಿ ಕುಂತು ಎದ್ದು ಪಾರ್ಸಲ್ ಬಂದದ್ದು ಪಿತೃಪಕ್ಷ ಹಿಡಿದ ಮೇಲೆ. ಆ ಹದಿನೈದು ದಿನ ಹೊಸ ಸಾಮಾನು ಕೊಳ್ಳುವವರಿಲ್ಲದೆ ಪೇಟೆಯೇ ನೊಣ ಹೊಡೆಯುತ್ತದೆ. ರಾಘಣ್ಣನ ತಾಯಿ ರಂಗೂಬಾಯಿ ಬಾಗಿಲಲ್ಲೇ ತಡೆದರು.

“ಪಕ್ಷದಾಗ ಹೊಸಾದು ಬಿಚ್ಚಬ್ಯಾಡ ರಾಘೂ. ನವರಾತ್ರಿ ಕೂತ ದಿನ ಕುಂಕುಮ ಹಚ್ಚಿ ತಗಿ.”

“ಅದು ಓದೂದ್ರಿ ಅತ್ತಿ, ಒಡವಿ ಅಲ್ಲ,” ಎಂದಳು ಹೆಂಡತಿ ನೀಲಿಮಾ.

“ಓದೂದಂದ್ರ ಇನ್ನೂ ಛಲೋ ದಿನಾನೇ ಬೇಕು.”

ಅಪ್ಪನ ಶ್ರಾದ್ಧ ಇನ್ನೂ ಮುಂದಿತ್ತು; ತಾಯಿಯ ಮನಸ್ಸು ಮುರಿಯಲು ರಾಘಣ್ಣನಿಗೆ ಬಾಯಿ ಬರಲಿಲ್ಲ. ಕೆಲಸದಿಂದ ಬಂದವರು ಡಬ್ಬಿ ಎತ್ತಿ, ಭಾರ ನೋಡಿ, ಮತ್ತೆ ಕಪಾಟಿನಲ್ಲಿಡುತ್ತಿದ್ದರು.

ಶ್ರಾದ್ಧದ ಮರುದಿನ ಲೋಕಲ್ ರೈಲು ದೇಹೂರೋಡ್ ಸ್ಟೇಷನ್ ದಾಟುವಾಗ ಅವರ ಬಲಗಣ್ಣಿನಲ್ಲಿ ಕಪ್ಪು ಎಳೆಗಳು ತೇಲಿದವು. ಎಡಗಣ್ಣು ಮೊದಲೇ ಮಂಜು. ಒಳಗೆ ರಕ್ತನಾಳ ಒಡೆದಿತ್ತು. ಆಸ್ಪತ್ರೆಯವರು ಮಾಡುವುದನ್ನೆಲ್ಲ ಮಾಡಿದರು. ಉಳಿದದ್ದು ನೆರಳು ಬೆಳಕು ಅಷ್ಟೇ.

ನವರಾತ್ರಿಯ ಮೊದಲ ದಿನ ರಂಗೂಬಾಯಿ ಕುಂಕುಮ ಹಚ್ಚಿದರು. ನೀಲಿಮಾ ಗುಂಡಿ ಒತ್ತಿದಳು.

“ಬಂತೇನು?” ಎಂದರು ರಾಘಣ್ಣ.

“ಬಂತ್ರಿ. ಅಕ್ಷರ ಭಾಳ ಛಲೋ...” ಎಂದವಳು ಅದನ್ನು ಅವರ ಕೈಗಿಟ್ಟಳು.

ರಾಘಣ್ಣ ಪರದೆ ಸವರಿದರು. ಬೆರಳು ತಾಗಿದಲ್ಲೆಲ್ಲ ಪುಟಗಳು ಮಗುಚಿಕೊಂಡು ಹೋದವು.

“ನನ್ನ ಮಾತಿಂದ ಆತೇನೋ?” ಎಂದು ಕೇಳಿದರು ತಾಯಿ.

“ಇಲ್ಲವ್ವಾ. ಡಬ್ಬಿ ತಗದಿದ್ರೂ ಕಣ್ಣು ಹೋಗೂದ ಇತ್ತು.” ಕಣ್ಣಿನ ಮಟ್ಟಿಗೆ ಅದು ನಿಜ. ಆ ದಿನಗಳಲ್ಲಿ ಓದಬಹುದಾಗಿದ್ದ ಪುಟಗಳ ಮಾತು ಅವರು ಎತ್ತಲಿಲ್ಲ.

ಈಗ ಪ್ರತಿ ಭಾನುವಾರ ನನ್ನ ಮಗಳು ಪೂರ್ವಾ ಅವರ ಮನೆಗೆ ಹೋಗಿ ಆ ಪುಟಗಳನ್ನು ಓದಿ ಹೇಳುತ್ತಾಳೆ. ತಪ್ಪಿದಲ್ಲಿ ರಾಘಣ್ಣ ತಿದ್ದುತ್ತಾರೆ. ಕೆಲವೊಮ್ಮೆ ಅರ್ಧಕ್ಕೇ “ಸಾಕವ್ವಾ” ಎಂದು ಮುಖ ತಿರುಗಿಸುತ್ತಾರಂತೆ. ಮರಾಠಿ ಶಾಲೆಯಲ್ಲಿ ಓದಿದ ಹುಡುಗಿಗೆ ಅಂಗಡಿಯ ಕಟ್ಟೆ ಮೇಲೆ ಕೂರಿಸಿಕೊಂಡು ಕನ್ನಡ ಕಲಿಸಿದವರು ಅವರೇ. ಅದಕ್ಕೆ ನಾನು ಅವರಿಗೆ ಏನೂ ಕೊಟ್ಟಿಲ್ಲ.