ಟೆಕ್ಸ್ಟ್ ಫೈಲಿನಲ್ಲಿ ಉಳಿದ ಆಪಾ

ಮಲಾಡಿನ ಆಫೀಸಿನಲ್ಲಿ ನನ್ನ ಕೆಲಸವೇ ಫೈಲುಗಳನ್ನು ಒಂದು ಬಗೆಯಿಂದ ಇನ್ನೊಂದು ಬಗೆಗೆ ಬದಲಾಯಿಸುವುದು. ಬಂದವರಿಗೆಲ್ಲ ಅದೇ ಪಾಠ ಹೇಳಿ ಹೇಳಿ ನಾಲಿಗೆ ಸವೆದಿದೆ. ತಿದ್ದುವುದು ಬಾಕಿಯಿದ್ದರೆ ವರ್ಡ್ ಫೈಲು ಇರಲಿ, ಆದರೆ ಆಚೆಯವರ ಬಳಿ ಫಾಂಟ್ ಇಲ್ಲದಿದ್ದರೆ ಸಾಲೆಲ್ಲ ಅಡ್ಡಾದಿಡ್ಡಿ. ಇದ್ದದ್ದು ಇದ್ದ ಹಾಗೇ ಇರಬೇಕೇ? ಪಿಡಿಎಫ್. ಇ-ಮೇಲನ್ನು ಮೇಲ್ ಆಗಿಯೇ ಇಟ್ಟರೆ ತಾರೀಖು, ಫೋಟೊ ಸಮೇತ ಉಳಿಯುತ್ತದೆ, ತೆರೆಯಲು ಮಾತ್ರ ಮೇಲ್ ಪ್ರೋಗ್ರಾಮೇ ಬೇಕು. ಟೆಕ್ಸ್ಟ್ ಫೈಲು ಎಲ್ಲಕ್ಕಿಂತ ಹಗುರ, ಎಲ್ಲಿ ಬೇಕಾದರೂ ತೆರೆಯುತ್ತದೆ. ಈಗ ಅದರ ಹೆಸರು ಕೇಳಿದರೇ ನನಗೆ ಮೈ ಉರಿಯುತ್ತದೆ.

ನಮ್ಮದು ವಿಜಯಪುರ ಕಡೆಯ ಮುಸ್ಲಿಂ ಮನೆತನ, ಮನೆಮಾತು ದಖನಿ. ಆದರೆ ನಾನೂ ನನ್ನ ಅಕ್ಕ ಆಪಾನೂ ಮುಂಬಯಿಯ ಕನ್ನಡ ಶಾಲೆಯಲ್ಲಿ ಕಲಿತವರು. ಆಪಾ ಮದುವೆಯಾಗಿ ಹೋದ ಘಾಟ್ಕೋಪರಿನ ಮನೆಯಲ್ಲಿ ಕನ್ನಡ ಓದಬಲ್ಲವರು ಒಬ್ಬರೂ ಇರಲಿಲ್ಲ. ನಮಗೆ ಅದೇ ಬೇಕಾಗಿತ್ತು! ಬಾಯಲ್ಲಿ ದಖನಿ, ಬರವಣಿಗೆಯಲ್ಲಿ ಕನ್ನಡ ಎಂದು ಪದ್ಧತಿ ಮಾಡಿಕೊಂಡೆವು. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಅವಳ ಆಫೀಸು. ಊಟದ ಹೊತ್ತಿಗೆ ಅಲ್ಲಿಂದ ಮೇಲ್ ಬರುತ್ತಿತ್ತು: ಅತ್ತೆಯ ಗೊಣಗಾಟ, ನಾದಿನಿಯ ಠೀವಿ, ಗಂಡನ ಕಾಟ.

ಅವಳ ಗಂಡ, ನಮ್ಮ ಭಾಯಿಜಾನ್, ಹೆದರುಪುಕ್ಕಲು ಮನುಷ್ಯ. ಯಾವ ಲೋಕಲ್ ಹಿಡಿದಿ, ದಾದರಿನಲ್ಲಿ ಇಳಿದಿಯಾ, ಕೂಡಲು ಜಾಗ ಸಿಕ್ಕಿತಾ ಎಂದು ದಿನವೂ ಅವಳಿಗೆ ಫೋನು. ಅದಕ್ಕೇ ಮೇಲ್‌ಗಳಲ್ಲಿ ಅವರಿಗೆ ‘ಸ್ಟೇಷನ್ ಮಾಸ್ಟರ್’ ಎಂದು ಹೆಸರಿಟ್ಟಿದ್ದಳು. ಟ್ರೈನಿನ ಮಾತು, ಆಫೀಸಿನ ಮಾತು, ಈ ಅಡ್ಡಹೆಸರು, ಇವನ್ನೆಲ್ಲ ಕನ್ನಡದ ನಡುವೆ ಇಂಗ್ಲಿಷ್ ಅಕ್ಷರದಲ್ಲೇ ತುರುಕುವುದು ಅವಳ ಚಾಳಿ.

ಹೋದ ವರ್ಷ ಆಪಾ ಕಾಯಿಲೆಯಿಂದ ತೀರಿಕೊಂಡಳು. ಅವಳು ಆಸ್ಪತ್ರೆಯಲ್ಲಿದ್ದಾಗಲೇ ನನ್ನ ಹಳೆಯ ಕಂಪನಿ ಮುಚ್ಚಿ, ನನಗೆ ಬಂದಿದ್ದ ಮೇಲ್‌ಗಳೂ ಹೋಗಿದ್ದವು. ಇನ್ನು ಉಳಿದವು ಅವಳ ಆಫೀಸಿನ ಕಂಪ್ಯೂಟರಿನಲ್ಲಿದ್ದವು ಮಾತ್ರ. ಅದನ್ನೂ ಅಳಿಸಿ ಬೇರೆಯವರಿಗೆ ಕೊಡುವವರಿದ್ದರು. ಬೇಕಾದ್ದನ್ನು ತೆಗೆದುಕೊಳ್ಳಿ ಎಂದು ಅವಳ ಆಫೀಸಿನ ಮಾಲೀಕ ಶೇಟ್, ಭಾಯಿಜಾನರಿಗೆ ಒಂದು ಮಧ್ಯಾಹ್ನ ಬಿಟ್ಟುಕೊಟ್ಟರು. ತಿಂಗಳ ಕೊನೆ, ನನಗೆ ರಜೆ ಸಿಗಲಿಲ್ಲ. ಫೋನಿನಲ್ಲೇ ಅವರಿಗೆ ನಮ್ಮ ದಖನಿಯಲ್ಲಿ ಬಡಿದುಕೊಂಡೆ: “ಒಂದೊಂದೇ ತೆಗೀರಿ, ಪಿಡಿಎಫ್ ಮಾಡ್ರಿ. ಪಿಡಿಎಫ್ ಆದ್ರ ಏನೂ ಬದಲಾಗಂಗಿಲ್ಲ.”

ರವಿವಾರ ಪೆನ್‌ಡ್ರೈವ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಅದರಲ್ಲಿ ಒಂದೇ ಒಂದು ಟೆಕ್ಸ್ಟ್ ಫೈಲು. ತೆರೆದೆ. ಪುಟದ ತುಂಬ ಪ್ರಶ್ನೆ ಚಿಹ್ನೆಗಳು.

“ಅರೆ, ಇಲ್ಲೂ ವೈಸೇಚ್, ಹಂಗೇ ಬಂತಲ್ಲ?” ಎಂದರು ಭಾಯಿಜಾನ್. “ನಿನ್ನ ಕಂಪ್ಯೂಟರ್‌ದಾಗ ಕನ್ನಡ ಫಾಂಟ್ ಅದ ಅಲ್ಲಾ?”

“ಫಾಂಟ್ ಅದ. ಅಕ್ಷರಾನೇ ಇಲ್ಲ! ಹಿಂಗ ಸೇವ್ ಮಾಡಿದ್ರ ಕನ್ನಡ ಎಲ್ಲಾ ಅಳಿಸಿ ಹೋಗ್ತದ. ಪಿಡಿಎಫ್ ಅಂತ ಬಾಯಿ ಬಡ್ಕೊಂಡಿದ್ದೆ, ಕೇಳಿದ್ರೇನು ನೀವು?”

ಅವರು ಕುರ್ಚಿಯ ತುದಿಯಲ್ಲಿ ಕುಗ್ಗಿ ಕುಳಿತರು. “ಒಂದೊಂದೇ ಶುರು ಮಾಡೂದ್ರಾಗ ಆಫೀಸ್ ಬಂದ್ ಮಾಡ್ತೀವಿ ಅಂದ್ರು. ಒಂದೂ ಬಿಟ್ಟು ಹೋಗಬಾರ್ದು ಅಂತ ಎಲ್ಲಾ ಸೆಲೆಕ್ಟ್ ಮಾಡಿದೆ. ಟೆಕ್ಸ್ಟ್ ಒಂದೇ ತೋರಿಸ್ತು. ಏನೋ ಕೇಳ್ತು, ಓಕೆ ಅಂದೆ.”

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆದರೂ ಅವರನ್ನು ಏನೆಂದು ಬೈಯಲಿ? ಅವರ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಕನ್ನಡವೆಲ್ಲ ಬರೀ ಚೌಕಗಳಾಗಿ ಕಾಣುತ್ತಿತ್ತು. ನಿಮಗೆ ಕಾಣದಿದ್ದರೂ ನನ್ನ ತಂಗಿಗೆ ಕಾಣುತ್ತದೆ ಎಂದು ಆಪಾ ಅವರನ್ನು ಛೇಡಿಸುತ್ತಿದ್ದಳು. ಈ ಪ್ರಶ್ನೆ ಚಿಹ್ನೆಗಳೂ ಹಾಗೇ ಎಂದು ನಂಬಿದ್ದರು ಪಾಪ. ಕನ್ನಡ ಓದಬಲ್ಲ ಯಾರೇ ಆಪಾಳ ಆಫೀಸಿನ ಕುರ್ಚಿಯಲ್ಲಿ ಕೂತಿದ್ದರೂ ಆ ಚಿಹ್ನೆಗಳನ್ನು ಕಂಡು ಅಲ್ಲೇ ತಡೆಯುತ್ತಿದ್ದರು. ನಾವೇ ಬೇಕೆಂದು ಅವರಿಂದ ಮುಚ್ಚಿಟ್ಟ ಭಾಷೆ ಅದು. ಇಂದಿಗೂ ಸಿಗದ ಆ ಒಂದು ರಜೆಯನ್ನು ನೆನೆದು ಹೊಟ್ಟೆ ಉರಿದುಕೊಳ್ಳುತ್ತೇನೆ.

ಅಷ್ಟರಲ್ಲಿ ಅವರ ಬೆರಳು ಸ್ಕ್ರೀನಿನ ಮೇಲೆ ಒಂದು ಕಡೆ ನಿಂತಿತು. ಚಿಹ್ನೆಗಳ ನಡುವೆ ಅವರು ಓದಬಲ್ಲ ಅಕ್ಷರಗಳು.

“ಯಾರಿದು ಸ್ಟೇಷನ್ ಮಾಸ್ಟರ್? ಇಲ್ಲೂ ಅದ, ಇಲ್ಲೂ ಅದ.”

“ನೀವೇ, ಭಾಯಿಜಾನ್.”

 ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಅಚ್ಛಾ! ಎಲ್ಲಾ ಕಡೆ ನಾನೇ ಅದೀನಾ?” ಎಂದು ಕೆಳಗೆ ಕೆಳಗೆ ಸರಿಸುತ್ತ ಹೋದರು. ಕೊನೆಯ ಮೇಲ್‌ನಲ್ಲೂ ಇದ್ದರು. ಆಪಾ ಆಸ್ಪತ್ರೆಗೆ ಸೇರುವ ಮುಂಚಿನ ವಾರದ್ದು ಅದು.

“ಇಲ್ಲಿ ಏನು ಬರದಾಳ ನನ್ನ ಬಗ್ಗೆ?”

ಎಷ್ಟು ತಡಕಿದರೂ ನೆನಪಾಗಲಿಲ್ಲ. ಊಟದ ಡಬ್ಬಿ ಬಿಚ್ಚುತ್ತ ಓದಿದ್ದೆ, ನಕ್ಕಿದ್ದೆ, ಮರೆತಿದ್ದೆ. ಒಳ್ಳೆಯ ಮಾತೊಂದನ್ನು ಕಟ್ಟಿ ಹೇಳಬಹುದಿತ್ತು. ಆಪಾಳ ಬಾಯಲ್ಲಿ ನನ್ನ ಮಾತು ಇಡಲು ಮನಸ್ಸು ಬರಲಿಲ್ಲ.

“ನೆನಪಿಲ್ಲ, ಭಾಯಿಜಾನ್.”

ತಲೆಯಾಡಿಸಿದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು.

“ಇದನ್ನ ಪಿಡಿಎಫ್ ಮಾಡಿ ಕೊಡು,” ಎಂದರು. “ಅದು ಬದಲಾಗಂಗಿಲ್ಲ ಅಂದಿದ್ದಿ.”

ಮಾಡಿಕೊಟ್ಟೆ. ಅದರಲ್ಲಿ ಒಂದು ಪ್ರಶ್ನೆ ಚಿಹ್ನೆಯೂ ಅಲುಗಿಲ್ಲ.